ಆಡುವವರು ಅಂಗಳದಲ್ಲಿ, ಬೆವರುವವರು ಮನೆಯಲ್ಲಿ



2019ರ ಜುಲೈ 14, ಭಾನುವಾರ. ಅಂದು ಲಂಡನ್ ನಗರದಲ್ಲಿ ಒಂದೇ ಹೊತ್ತಿಗೆ ಎರಡು ಅಂತಿಮ ಪಂದ್ಯಗಳು ನಡೆಯುತ್ತಿದ್ದವು. ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಂಡಗಳ ನಡುವೆ ವಿಶ್ವಕಪ್ ಕ್ರಿಕೆಟ್. ವಿಂಬಲ್ಡನ್‌ನಲ್ಲಿ ರೋಜರ್ ಫೆಡರರ್ ಮತ್ತು ನೊವಾಕ್ ಜೊಕೊವಿಚ್ ನಡುವೆ ಟೆನಿಸ್. ಐದನೆಯ ಸೆಟ್ಟಿನಲ್ಲಿ ಫೆಡರರ್ 8-7ರಿಂದ ಮುಂದಿದ್ದರು. ಸರ್ವ್ ಅವರದೇ. ಅಂಕ 40-15. ಇನ್ನು ಒಂದೇ ಒಂದು ಅಂಕ ಬಂದರೆ ಮೂವತ್ತೇಳು ವರ್ಷದ ಆ ಆಟಗಾರ ಒಂಬತ್ತನೆಯ ಬಾರಿ ವಿಂಬಲ್ಡನ್ ಗೆದ್ದಂತೆ. ಹಾಗೆ ಗೆಲ್ಲಲು ಎರಡು ಅವಕಾಶಗಳು ಅವರ ಕೈಯಲ್ಲಿದ್ದವು.

ಮೊದಲನೆಯದರಲ್ಲಿ ಫೆಡರರ್ ಅವರ ಫೋರ್‌ಹ್ಯಾಂಡ್ ಹೊಡೆತ ಗೆರೆಯಾಚೆ ಬಿತ್ತು. ಎರಡನೆಯದರಲ್ಲಿ ಅವರು ಬಲೆಯತ್ತ ನುಗ್ಗಿದಾಗ ಜೊಕೊವಿಚ್ ಚೆಂಡನ್ನು ಅವರ ಪಕ್ಕದಿಂದಲೇ ಓರೆಯಾಗಿ ದಾಟಿಸಿದರು. ಆಮೇಲೆ ಪಂದ್ಯ ಮತ್ತೂ ಬೆಳೆಯಿತು. 4 ಗಂಟೆ 57 ನಿಮಿಷಗಳ ಆಟದ ಕೊನೆಗೆ ಜೊಕೊವಿಚ್ 7-6, 1-6, 7-6, 4-6, 13-12ರಿಂದ ಗೆದ್ದರು. ನಮ್ಮ ಗಡಿಯಾರದಲ್ಲಿ ಆಗ ಮಧ್ಯರಾತ್ರಿ ಸಮೀಪಿಸಿತ್ತು. ಮರುದಿನ ಸೋಮವಾರ, ಶಾಲೆ ಕಾಲೇಜುಗಳಿದ್ದವು. ಆದರೂ ಅಂದು ಹಾಸಿಗೆಗೆ ಹೋಗಿ ನಿದ್ದೆ ಬಾರದೆ ಹೊರಳಾಡಿದವರು ಎಷ್ಟು ಮಂದಿಯೋ!

ನಿಮ್ಮಲ್ಲೂ ಕೆಲವರಿಗೆ ಇಂಥ ರಾತ್ರಿಗಳ ಅನುಭವವಿರಬಹುದು. ಆಡಿದವರು ಯಾರೋ, ಸೋತವರು ಯಾರೋ. ಅವರು ನಿಮ್ಮ ಹೆಸರನ್ನೂ ಅರಿಯರು. ಹಾಗಿದ್ದರೂ ನಿಮ್ಮ ಅಂಗೈ ಏಕೆ ಬೆವರಿತು? ಗಂಟಲೇಕೆ ಒಣಗಿತು? ಮರುದಿನ ಊಟ ಏಕೆ ರುಚಿಸಲಿಲ್ಲ? ಈ ಪ್ರಶ್ನೆಗಳನ್ನು ಕೇಳಿ ಹಿರಿಯರು ನಕ್ಕುಬಿಡಬಹುದು. ಆದರೆ ಇವು ನಗುವಷ್ಟು ಸಣ್ಣ ಪ್ರಶ್ನೆಗಳಲ್ಲ. ಇವುಗಳ ಹಿಂದೆ ಆಟದ ರಚನೆಯಿದೆ, ನಮ್ಮ ಶರೀರದ ಧರ್ಮವಿದೆ, ಮನಸ್ಸಿನ ಒಂದು ಸ್ವಭಾವವಿದೆ. ಒಂದೊಂದಾಗಿ ನೋಡೋಣ.

ಗಡಿಯಾರವಿಲ್ಲದ ಆಟ

ಕಬಡ್ಡಿ ಪಂದ್ಯ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಫುಟ್‌ಬಾಲಿಗೆ ತೊಂಬತ್ತು ನಿಮಿಷದ ಲೆಕ್ಕವಿದೆ. ಏಕದಿನ ಕ್ರಿಕೆಟ್ಟಿಗೆ ಐವತ್ತು ಓವರುಗಳ ಮಿತಿಯಿದೆ. ತಂಡ ಹಿಂದೆ ಬಿದ್ದಾಗ ಪ್ರೇಕ್ಷಕನಿಗೆ ಅದು ತಿಳಿಯುತ್ತದೆ. ಕೊನೆಯ ಹೊತ್ತಿಗೆ ಮನಸ್ಸು ಸೋಲಿಗೆ ಸಿದ್ಧವಾಗಿರುತ್ತದೆ. ಟೆನಿಸ್ಸಿಗೆ ಇಂಥ ಮಿತಿ ಇಲ್ಲ. ಕೊನೆಯ ಅಂಕ ಬೀಳುವವರೆಗೆ ಸೋಲುತ್ತಿರುವವನು ಸೋತಿಲ್ಲ, ಗೆಲ್ಲುತ್ತಿರುವವನು ಗೆದ್ದಿಲ್ಲ. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಹು ಆಡಿದ ಮೊದಲ ಸುತ್ತಿನ ಪಂದ್ಯ ಮೂರು ದಿನಗಳಿಗೆ ಹರಡಿ, 11 ಗಂಟೆ 5 ನಿಮಿಷ ನಡೆಯಿತು. ಐದನೆಯ ಸೆಟ್ಟೊಂದೇ 70-68ರಲ್ಲಿ ಮುಗಿಯಿತು. ಈಗ ಕೊನೆಯ ಸೆಟ್ಟಿಗೂ ಟೈ-ಬ್ರೇಕ್ ನಿಯಮ ಬಂದಿರುವುದರಿಂದ ಇಂಥ ಪಂದ್ಯ ಮರುಕಳಿಸಲಾರದು. ಆದರೂ ಟೆನಿಸ್ಸಿನಲ್ಲಿ ಡ್ರಾ ಎಂಬುದಿಲ್ಲ. ಮಳೆ ಬಂದರೂ ಪಂದ್ಯ ಮುಂದಕ್ಕೆ ಹೋಗುತ್ತದೆಯೇ ಹೊರತು ಅಂಕಗಳನ್ನು ಹಂಚಿ ಮನೆಗೆ ಹೋಗುವಂತಿಲ್ಲ.

ಎರಡನೆಯ ಸಂಗತಿ ಅಂಕಗಳ ಲೆಕ್ಕ. ಟೆನಿಸ್ಸಿನಲ್ಲಿ ಎಲ್ಲ ಅಂಕಗಳೂ ಹೆಸರಿಗೆ ಸಮಾನ, ಬೆಲೆಯಲ್ಲಿ ಅಲ್ಲ. ಅಂಕಗಳು ಸೇರಿ ಗೇಮ್, ಗೇಮ್‌ಗಳು ಸೇರಿ ಸೆಟ್, ಸೆಟ್ಟುಗಳು ಸೇರಿ ಪಂದ್ಯ. ಒಂದು ಸೆಟ್ಟನ್ನು 6-1ರಿಂದ ಗೆದ್ದರೂ ಒಂದೇ ಸೆಟ್, 7-6ರಿಂದ ಗೆದ್ದರೂ ಒಂದೇ ಸೆಟ್. ನಾವು ಮೊದಲು ಹೇಳಿದ ಪಂದ್ಯವನ್ನೇ ತೆಗೆದುಕೊಳ್ಳಿ. ಅದರಲ್ಲಿ ಫೆಡರರ್ ಒಟ್ಟು 218 ಅಂಕಗಳನ್ನು ಗೆದ್ದರು, ಜೊಕೊವಿಚ್ 204 ಅಂಕಗಳನ್ನು. ಗೇಮ್‌ಗಳನ್ನು ಎಣಿಸಿದರೂ ಫೆಡರರ್ 36, ಜೊಕೊವಿಚ್ 32. ಹೆಚ್ಚು ಗಳಿಸಿದವರು ಸೋತರು! ಏಕೆಂದರೆ ಅಂದಿನ ಮೂರೂ ಟೈ-ಬ್ರೇಕ್‌ಗಳು ಜೊಕೊವಿಚ್ ಪಾಲಾಗಿದ್ದವು. ವರ್ಷವಿಡೀ ಚೆನ್ನಾಗಿ ಓದಿ, ಪರೀಕ್ಷೆಯ ದಿನದ ಮೂರು ಗಂಟೆಗಳಲ್ಲಿ ಎಡವಿದ ಗೆಳೆಯನ ಸಂಕಟವನ್ನು ನೀವು ಕಂಡಿದ್ದರೆ, ಈ ಸೋಲು ಅಭಿಮಾನಿಗೆ ಏಕೆ ಅಷ್ಟು ಚುಚ್ಚುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಮೌನ. ಕ್ರಿಕೆಟ್ ನೋಡುವಾಗ ನೀವು ಕೂಗಬಹುದು, ಕುಣಿಯಬಹುದು. ಟೆನಿಸ್ ಅಂಗಳದಲ್ಲಿ ಚೆಂಡು ಆಟದಲ್ಲಿರುವಷ್ಟು ಹೊತ್ತು ಸಾವಿರಾರು ಜನ ಉಸಿರು ಬಿಗಿಹಿಡಿದು ಕೂರಬೇಕು. ಆ ಮೌನ ಪರದೆಯ ಮೂಲಕ ನಿಮ್ಮ ಕೋಣೆಗೂ ಬರುತ್ತದೆ. ಜೊತೆಗೆ ಕಾಯುವಿಕೆ. ಒಂದು ಅಂಕ ಮುಗಿದು ಇನ್ನೊಂದು ಆರಂಭವಾಗಲು 25 ಸೆಕೆಂಡುಗಳವರೆಗೆ, ಆಟಗಾರರು ಅಂಗಳ ಬದಲಿಸುವಾಗ 90 ಸೆಕೆಂಡು, ಸೆಟ್ಟುಗಳ ನಡುವೆ 120 ಸೆಕೆಂಡು ಬಿಡುವಿರುತ್ತದೆ. ಐದು ಗಂಟೆಯ ಪಂದ್ಯದಲ್ಲಿ ಚೆಂಡು ನಿಜವಾಗಿ ಓಡಾಡುವ ಹೊತ್ತು ಕಡಿಮೆ, ಮುಂದೇನಾಗುವುದೋ ಎಂದು ಕಾಯುವ ಹೊತ್ತು ಹೆಚ್ಚು. ಭಯ ಬೆಳೆಯುವುದು ಘಟನೆಯಲ್ಲಿ ಅಲ್ಲ, ಘಟನೆಗೆ ಮುಂಚಿನ ಕಾಯುವಿಕೆಯಲ್ಲಿ. ದಂತವೈದ್ಯರ ಕುರ್ಚಿಗಿಂತ ಅವರ ಕೋಣೆಯ ಹೊರಗಿನ ಬೆಂಚೇ ಹೆಚ್ಚು ಹೆದರಿಸುವುದಿಲ್ಲವೆ?

ನಾಲ್ಕನೆಯದು ಒಂಟಿತನ. ತಂಡದ ಆಟದಲ್ಲಿ ಸೋಲಿನ ಹೊರೆ ಹನ್ನೊಂದು ಹೆಗಲುಗಳ ಮೇಲೆ ಹಂಚಿಹೋಗುತ್ತದೆ. ಸಿಂಗಲ್ಸ್ ಆಟಗಾರನ ಹೊರೆಯನ್ನು ಹೊರಲು ಬೇರೆ ಯಾರೂ ಇಲ್ಲ. ಅವನ ಮುಖವನ್ನೇ ಕ್ಯಾಮೆರಾ ಗಂಟೆಗಟ್ಟಲೆ ಹತ್ತಿರದಿಂದ ತೋರಿಸುತ್ತದೆ. ಆ ಮುಖದ ಪ್ರತಿಯೊಂದು ಗೆರೆಯೂ ನಿಮಗೆ ಪರಿಚಿತವಾಗುತ್ತದೆ. ಎಂದೂ ಭೇಟಿಯಾಗದ ವ್ಯಕ್ತಿ ಮನೆಯವನಂತಾಗುತ್ತಾನೆ. ಇಂಥ ಒಮ್ಮುಖ ಸ್ನೇಹವನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಲ್ಲೇ, ದೂರದರ್ಶನ ಇನ್ನೂ ಹೊಸದಾಗಿದ್ದ ಕಾಲದಲ್ಲೇ, ಗುರುತಿಸಿ ವಿವರಿಸಿದ್ದರು.

ಶರೀರಕ್ಕೆ ಪರದೆ ತಿಳಿಯದು

ಈಗ ಶರೀರದ ಕಡೆ ತಿರುಗೋಣ. ಅಪಾಯ ಎದುರಾಯಿತೆಂದು ಮಿದುಳು ತೀರ್ಮಾನಿಸಿದರೆ ಸಾಕು, ಅನುವೇದನಾ ನರವ್ಯೂಹ ಎಚ್ಚೆತ್ತುಕೊಳ್ಳುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಅಂಗೈ ಬೆವರುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಸ್ವಲ್ಪ ತಡವಾಗಿ ಕಾರ್ಟಿಸಾಲ್ ಎಂಬ ಇನ್ನೊಂದು ರಸವೂ ಸೇರಿಕೊಳ್ಳುತ್ತದೆ. ಕಾಡಿನಲ್ಲಿ ಹುಲಿ ಕಂಡ ಮನುಷ್ಯ ಓಡಲಿ ಅಥವಾ ಹೋರಾಡಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು ಇದು.

ಟೆನಿಸ್ ಅಂಗಳದಲ್ಲಿರುವ ಆಟಗಾರನೂ ಇದೇ ಸ್ಥಿತಿಯಲ್ಲಿರುತ್ತಾನೆ. ಆದರೆ ಅವನು ಓಡುತ್ತಾನೆ, ಹೊಡೆಯುತ್ತಾನೆ. ಹುಟ್ಟಿದ ಶಕ್ತಿಯನ್ನು ಖರ್ಚು ಮಾಡುತ್ತಾನೆ. ಚಾಪೆಯ ಮೇಲೆ ಕುಳಿತ ನಿಮ್ಮ ಗತಿ? ಓಡಲು ದಾರಿಯಿಲ್ಲ, ಹೊಡೆಯಲು ಚೆಂಡಿಲ್ಲ. ಒಲೆ ಉರಿಯುತ್ತಿದೆ, ಅಡುಗೆ ಮಾತ್ರ ಇಲ್ಲ. ಪಂದ್ಯ ಮುಗಿದ ಮೇಲೂ ನಿದ್ದೆ ಬಾರದಿರುವುದಕ್ಕೆ ಇದೇ ಒಂದು ಕಾರಣ.

ಇದು ಬರಿಯ ಊಹೆಯ ಮಾತಲ್ಲ. 2006ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ವೈದ್ಯರು ಹೃದಯ ಸಂಬಂಧಿ ತುರ್ತು ಪ್ರಕರಣಗಳ ಲೆಕ್ಕವಿಟ್ಟರು. ಜರ್ಮನಿ ತಂಡ ಆಡಿದ ದಿನಗಳಲ್ಲಿ ಇಂಥ ಪ್ರಕರಣಗಳು ಉಳಿದ ದಿನಗಳಿಗಿಂತ 2.66 ಪಟ್ಟು ಇದ್ದವೆಂದು 2008ರಲ್ಲಿ ಪ್ರಕಟವಾದ ಅವರ ವರದಿ ತಿಳಿಸಿತು. ಮೊದಲೇ ಹೃದ್ರೋಗವಿದ್ದವರಲ್ಲಿ ಅಪಾಯ ಇನ್ನೂ ಹೆಚ್ಚಾಗಿತ್ತು. ಆರೋಗ್ಯವಂತರಾದ ನೀವು ಇದರಿಂದ ಹೆದರಬೇಕಾಗಿಲ್ಲ. ಆದರೆ ಮನೆಯಲ್ಲಿ ಹೃದಯದ ತೊಂದರೆಯಿರುವ ಅಜ್ಜ ನಿಮ್ಮ ಪಕ್ಕದಲ್ಲೇ ಕುಳಿತು ಪಂದ್ಯ ನೋಡುತ್ತಿದ್ದರೆ, ಅವರು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಎಂದು ಕೇಳುವುದು ನಿಮ್ಮ ಕೆಲಸ.

ನಾನು ಎದ್ದರೆ ಸೋಲುತ್ತಾನೆ!

ಇನ್ನು ಮನಸ್ಸಿನ ಮಾತು. "ನೀನು ಎದ್ದು ಹೋದಾಗಲೇ ವಿಕೆಟ್ ಬಿತ್ತು, ಅಲ್ಲೇ ಕೂತಿರು" ಎಂಬ ಮಾತನ್ನು ಕೇಳದ ಮನೆ ನಮ್ಮಲ್ಲಿ ಉಂಟೆ? ಟೆನಿಸ್ ಅಭಿಮಾನಿಗೂ ಇಂಥ ಕಟ್ಟುಪಾಡುಗಳುಂಟು. ಅದೇ ಅಂಗಿ, ಅದೇ ಜಾಗ, ಟೈ-ಬ್ರೇಕ್ ಬಂದಾಗ ಮುಖ ತಿರುಗಿಸಿ ಗೋಡೆ ನೋಡುವುದು. ನಮ್ಮ ಕೈಯಲ್ಲಿಲ್ಲದ ಸಂಗತಿಯೂ ನಮ್ಮ ಹಿಡಿತದಲ್ಲಿದೆ ಎಂದುಕೊಳ್ಳುವ ಈ ಭ್ರಮೆಯನ್ನು ಎಲೆನ್ ಲ್ಯಾಂಗರ್ ಎಂಬ ಮನೋವಿಜ್ಞಾನಿ 1975ರಲ್ಲಿ ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಸುಮ್ಮನೆ ಕುಳಿತು ಕಾಯುವುದಕ್ಕಿಂತ ಏನಾದರೂ ಮಾಡುತ್ತಿದ್ದೇನೆ ಎಂದುಕೊಳ್ಳುವುದು ಮನಸ್ಸಿಗೆ ಹಗುರ. ಇದರಲ್ಲಿ ಹಾನಿಯಿಲ್ಲ. ಆದರೆ ಪಂದ್ಯ ಸೋತಾಗ "ನಾನು ನೋಡಿದ್ದರಿಂದಲೇ ಸೋತ" ಎಂಬ ತಪ್ಪಿತಸ್ಥ ಭಾವನೆ ಹುಟ್ಟಿದರೆ ಅದು ಸಲ್ಲದು. ಲಂಡನ್ನಿನ ಚೆಂಡಿಗೆ ನಿಮ್ಮ ಕೋಣೆಯ ಸುದ್ದಿ ಮುಟ್ಟುವುದಿಲ್ಲ.

ಇನ್ನೊಂದು ಕುತೂಹಲದ ಸಂಗತಿ. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳನ್ನು ಗಮನಿಸಿದರು. ತಮ್ಮ ಫುಟ್‌ಬಾಲ್ ತಂಡ ಗೆದ್ದಾಗ ಸೋಮವಾರ ವಿಶ್ವವಿದ್ಯಾನಿಲಯದ ಹೆಸರಿರುವ ಉಡುಪು ತೊಟ್ಟು ಬರುವವರ ಸಂಖ್ಯೆ ಹೆಚ್ಚು. ಗೆದ್ದರೆ "ನಾವು ಗೆದ್ದೆವು" ಎನ್ನುವ ಒಲವು, ಸೋತರೆ "ಅವರು ಸೋತರು" ಎನ್ನುವ ಒಲವು. ಸಾಮಾನ್ಯ ಪ್ರೇಕ್ಷಕ ಹೀಗೆ ತನ್ನನ್ನು ಕಾಪಾಡಿಕೊಳ್ಳುತ್ತಾನೆ. ನಿಷ್ಠಾವಂತ ಅಭಿಮಾನಿಗೆ ಈ ಕೊಡೆ ಇಲ್ಲ. ಅವನು ಬಿಸಿಲಿನಲ್ಲೂ ಜೊತೆಗಿದ್ದು ಮಳೆಯಲ್ಲೂ ನೆನೆಯುತ್ತಾನೆ. ಇದು ಗೌರವಿಸಬೇಕಾದ ಗುಣವೇ. ಆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆಂಬುದೂ ನಿಜ.

ಅಭಿಮನ್ಯು ಸಾಯುತ್ತಾನೆಂದು ಗೊತ್ತಿದ್ದರೂ

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ಯಕ್ಷಗಾನದಲ್ಲಿ ಅಭಿಮನ್ಯುವಿನ ಕಾಳಗ ನೋಡುವಾಗಲೂ ಕಣ್ಣು ತುಂಬುತ್ತದೆ. ಆದರೆ ಬೆಳಗಿನ ಜಾವ ಮನೆಗೆ ಬರುವಾಗ ಮನಸ್ಸು ಹಗುರವಾಗಿರುತ್ತದೆ, ಭಾರವಾಗಿರುವುದಿಲ್ಲ. ಟೆನಿಸ್ ಸೋಲು ಮಾತ್ರ ಏಕೆ ಉಳಿದು ಕೊರೆಯುತ್ತದೆ?

ಉತ್ತರ ನಮ್ಮ ಕಾವ್ಯಮೀಮಾಂಸೆಯಲ್ಲೇ ಇದೆ. ರಂಗದ ಮೇಲಿನ ದುಃಖ ನನ್ನದೂ ಅಲ್ಲ, ಇನ್ನೊಬ್ಬನದೂ ಅಲ್ಲ. ಎಲ್ಲ ಸಹೃದಯರಿಗೂ ಸಮಾನವಾದದ್ದು. ಇದನ್ನು ಭಟ್ಟನಾಯಕ ಸಾಧಾರಣೀಕರಣ ಎಂದು ಕರೆದ. ಅಭಿಮನ್ಯು ಬೀಳುತ್ತಾನೆಂದು ಪ್ರೇಕ್ಷಕನಿಗೆ ಮೊದಲೇ ತಿಳಿದಿದೆ. ಕವಿ ಅಂತ್ಯವನ್ನು ಬರೆದಾಗಿದೆ. ಆದ್ದರಿಂದ ಅವನು ಅಂತ್ಯಕ್ಕಾಗಿ ಕಾಯುವುದಿಲ್ಲ, ರಸಕ್ಕಾಗಿ ಕಾಯುತ್ತಾನೆ. ಟೆನಿಸ್ಸಿನ ಅಂತ್ಯವನ್ನು ಯಾರೂ ಬರೆದಿಲ್ಲ. ಅಲ್ಲದೆ ಅಭಿಮಾನಿ "ಇವನು ನನ್ನವನು, ಎದುರಿನವನು ಹೊರಗಿನವನು" ಎಂದು ಗೆರೆ ಎಳೆದುಕೊಂಡು ಕುಳಿತಿರುತ್ತಾನೆ. 'ನನ್ನದು' ಎಂಬುದು ಬಂದೊಡನೆ ರಸ ಹಿಂದೆ ಸರಿದು ಬರಿಯ ದುಃಖ ಉಳಿಯುತ್ತದೆ. ಅದೇ ಪಂದ್ಯವನ್ನು ಯಾರ ಪಕ್ಷವನ್ನೂ ವಹಿಸದೆ ನೋಡಿದವನಿಗೆ ಆ ರಾತ್ರಿ ಹಬ್ಬದ ರಾತ್ರಿಯಾಗಿರುತ್ತದೆ!

ಅಭಿಮಾನ ದಾರಿ ತಪ್ಪಿದಾಗ

ಈ 'ನನ್ನವನು' ಎಂಬ ಭಾವ ಮಿತಿ ಮೀರಿದರೆ ಏನಾಗಬಹುದೆಂಬುದಕ್ಕೆ ಟೆನಿಸ್ ಇತಿಹಾಸದಲ್ಲೇ ಕರಾಳ ನಿದರ್ಶನವಿದೆ. 1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಆಗ ವಿಶ್ವದ ಒಂದನೆಯ ಸ್ಥಾನದಲ್ಲಿದ್ದ ಹತ್ತೊಂಬತ್ತು ವರ್ಷದ ಮೋನಿಕಾ ಸೆಲೆಸ್ ಅಂಗಳ ಬದಲಿಸುವ ಬಿಡುವಿನಲ್ಲಿ ಕುರ್ಚಿಯಲ್ಲಿ ಕುಳಿತಿದ್ದರು. ಪ್ರೇಕ್ಷಕನೊಬ್ಬ ಹಿಂದಿನಿಂದ ಬಂದು ಅವರ ಬೆನ್ನಿಗೆ ಚಾಕುವಿನಿಂದ ಇರಿದ. ಅವನು ಸ್ಟೆಫಿ ಗ್ರಾಫ್ ಅವರ ಅಭಿಮಾನಿ. ಗ್ರಾಫ್ ಮತ್ತೆ ಒಂದನೆಯ ಸ್ಥಾನಕ್ಕೆ ಬರಬೇಕೆಂಬುದೇ ಅವನ ಹುಚ್ಚು. ಸೆಲೆಸ್ ಅವರ ಗಾಯ ಕೆಲವು ವಾರಗಳಲ್ಲಿ ಮಾಗಿತು, ಆದರೆ ಮನಸ್ಸಿನ ಗಾಯ ಮಾಗಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಅವರು ಸ್ಪರ್ಧೆಗಳಿಂದ ದೂರ ಉಳಿದರು. 1995ರಲ್ಲಿ ಮರಳಿ ಬಂದು 1996ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರೂ, ಮೊದಲಿನ ಆ ಅಪ್ರತಿಹತ ಓಟ ಮತ್ತೆ ಬರಲಿಲ್ಲ. ಆ ಮನುಷ್ಯ ತನ್ನ ಕೃತ್ಯವನ್ನು ಪ್ರೀತಿಯೆಂದೇ ತಿಳಿದಿದ್ದ.

ಎಲ್ಲರೂ ಚಾಕು ಹಿಡಿಯುವುದಿಲ್ಲ ನಿಜ. ಆದರೆ ಕೈಯಲ್ಲಿರುವ ಮೊಬೈಲ್ ಕೂಡ ಇರಿಯಬಲ್ಲದು. 2024ನೆಯ ಒಂದೇ ವರ್ಷದಲ್ಲಿ 458 ಟೆನಿಸ್ ಆಟಗಾರರಿಗೆ ಸುಮಾರು 8,000 ನಿಂದನೆಯ ಹಾಗೂ ಬೆದರಿಕೆಯ ಸಂದೇಶಗಳು ಬಂದವೆಂದು ಟೆನಿಸ್ ಸಂಸ್ಥೆಗಳ ವರದಿ ಹೇಳಿತು. ಅವುಗಳಲ್ಲಿ ದೊಡ್ಡ ಪಾಲು ಬಾಜಿ ಕಟ್ಟಿ ಹಣ ಕಳೆದುಕೊಂಡವರದು. ಉಳಿದವುಗಳಲ್ಲಿ, ಸೋಲಿನ ಬಿಸಿಯಲ್ಲಿ ಯೋಚಿಸದೆ ಬರೆದವರೂ ಇರಬಹುದು. ಸೋತ ಆಟಗಾರ ಆ ರಾತ್ರಿ ಅದನ್ನು ಓದುತ್ತಾನೆಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಆಟಗಾರರಿಂದಲೇ ಕಲಿಯೋಣ

ಹಾಗಾದರೆ ಅಭಿಮಾನವನ್ನೇ ಬಿಡಬೇಕೆ? ಬೇಡ. ಅಭಿಮಾನ ಬಾಳಿಗೆ ಬಣ್ಣ ಕೊಡುತ್ತದೆ. ಅದನ್ನು ಹೊರುವ ರೀತಿಯನ್ನು ಕಲಿಯಬೇಕು; ಕಲಿಸುವವರು ಆಟಗಾರರೇ.

2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಮಾತನಾಡಿದ ಫೆಡರರ್ ವಿದ್ಯಾರ್ಥಿಗಳ ಮುಂದೆ ಒಂದು ಲೆಕ್ಕವಿಟ್ಟರು. ತಾವು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ. 80ರಷ್ಟನ್ನು ಗೆದ್ದರೂ, ಒಟ್ಟು ಅಂಕಗಳಲ್ಲಿ ಗೆದ್ದದ್ದು ಶೇ. 54 ಮಾತ್ರ ಎಂದರು. ಎಂದರೆ ಶ್ರೇಷ್ಠರಲ್ಲಿ ಶ್ರೇಷ್ಠನೂ ನೂರಕ್ಕೆ 46 ಅಂಕಗಳನ್ನು ಸೋಲುತ್ತಾನೆ. ಆದ್ದರಿಂದ ಸೋತ ಅಂಕವನ್ನು ಅಲ್ಲೇ ಬಿಟ್ಟು ಮುಂದಿನ ಅಂಕಕ್ಕೆ ಮನಸ್ಸು ಕೊಡುವುದನ್ನು ಆಟಗಾರ ಕಲಿಯಲೇಬೇಕು ಎಂಬುದು ಅವರ ಮಾತಿನ ಸಾರ. ಯೋಚಿಸಿ ನೋಡಿ: 40-15ರ ಆ ಎರಡು ಅಂಕಗಳನ್ನು ಇಂದಿಗೂ ನೆನೆದು ಕೊರಗುವವರು ಹೆಚ್ಚಾಗಿ ಅಭಿಮಾನಿಗಳೇ. ಇನ್ನು ಅಂದು ಎದುರಿಗಿದ್ದ ಜೊಕೊವಿಚ್? ಪ್ರೇಕ್ಷಕರು "ರೋಜರ್, ರೋಜರ್" ಎಂದು ಕೂಗುವಾಗ ಅದು "ನೊವಾಕ್, ನೊವಾಕ್" ಎಂದು ಕೇಳಿಸುವಂತೆ ಮನಸ್ಸನ್ನು ಒಪ್ಪಿಸಿಕೊಂಡೆ ಎಂದು ಪಂದ್ಯದ ನಂತರ ಅವರು ಹೇಳಿದ್ದರು.

ಕಾಯುವುದನ್ನೂ ಆಟಗಾರರಿಂದ ಕಲಿಯಬಹುದು. 1993ರ ವಿಂಬಲ್ಡನ್ ಅಂತಿಮ ಪಂದ್ಯದ ಮೂರನೆಯ ಸೆಟ್ಟಿನಲ್ಲಿ ಯಾನಾ ನೊವೊಟ್ನಾ 4-1ರಿಂದ ಮುಂದಿದ್ದರು. ಐದನೆಯ ಗೇಮ್‌ಗೆ ಒಂದೇ ಅಂಕ ಸಾಕಿತ್ತು. ಆಗ ಡಬಲ್ ಫಾಲ್ಟ್ ಮಾಡಿದರು, ಅಲ್ಲಿಂದ ಆಟ ಜಾರಿತು, ಗ್ರಾಫ್ ಗೆದ್ದರು. ಬಹುಮಾನ ವಿತರಣೆಯಲ್ಲಿ ಕೆಂಟ್‌ನ ಡಚೆಸ್ ಅವರ ಹೆಗಲ ಮೇಲೆ ತಲೆಯಿಟ್ಟು ನೊವೊಟ್ನಾ ಅತ್ತರು. 1997ರಲ್ಲಿ ಮತ್ತೆ ಅಂತಿಮ ಪಂದ್ಯ, ಮತ್ತೆ ಸೋಲು. 1998ರಲ್ಲಿ ಗೆದ್ದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2010ರಲ್ಲಿ ಅಮೆರಿಕನ್ ಓಪನ್ ಪುರುಷರ ಡಬಲ್ಸ್ ಅಂತಿಮ ಪಂದ್ಯದಲ್ಲಿ ಸೋತರು. 2023ರಲ್ಲಿ ಅಲ್ಲೇ ಮತ್ತೊಮ್ಮೆ ಸೋತರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಅದು ಅವರ ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ. ಅಷ್ಟು ವರ್ಷ ಅವರೊಂದಿಗೆ ಕಾದವರ ಸಂತೋಷವನ್ನು ಆ ದಿನ ಮಾತ್ರ ನೋಡಿದವರು ಪಡೆಯಲಾರರು. ಅಭಿಮಾನಿಯ ಸಂಕಟಕ್ಕೆ ಸಿಗುವ ಪ್ರತಿಫಲ ಇದು.

ನೀವೇ ಮಾಡಿ ನೋಡಿ

ಮುಂದಿನ ದೊಡ್ಡ ಪಂದ್ಯ ನೋಡುವಾಗ ಒಂದು ಸಣ್ಣ ಪ್ರಯೋಗ ಮಾಡಿ. ಪಂದ್ಯಕ್ಕೆ ಮೊದಲು ಮಣಿಕಟ್ಟಿನ ನಾಡಿಯನ್ನು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ ಬರೆದಿಡಿ. ಆಟಗಾರರು ಅಂಗಳ ಬದಲಿಸುವ ಬಿಡುವಿನಲ್ಲಿ ಮತ್ತೆ ಎಣಿಸಿ. ಏರಿಕೆ ಕಂಡರೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ, ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಮತ್ತೊಮ್ಮೆ ಎಣಿಸಿ. ನಿಮ್ಮ ಶರೀರವೇ ನಿಮಗೆ ಪಾಠ ಹೇಳುತ್ತದೆ.

ಪರೀಕ್ಷೆಯ ಹಿಂದಿನ ದಿನವಾದರೆ ಎಷ್ಟು ಗಂಟೆಗೆ ಮಲಗುವುದೆಂದು ಪಂದ್ಯ ಆರಂಭವಾಗುವ ಮೊದಲೇ ನಿರ್ಧರಿಸಿ. ನಾಲ್ಕನೆಯ ಸೆಟ್ಟಿನಲ್ಲಿ ಕುಳಿತು ನಿರ್ಧರಿಸಲು ಹೋದರೆ ಅದು ಆಗದ ಮಾತು. ಸೋಲಿನ ನಂತರ ಒಂದು ರಾತ್ರಿ ಕಳೆಯುವವರೆಗೆ ಯಾರ ಬಗೆಗೂ ಏನನ್ನೂ ಬರೆಯಬೇಡಿ. ಎದುರಾಳಿಯ ಒಂದು ಒಳ್ಳೆಯ ಹೊಡೆತಕ್ಕಾದರೂ ಬಾಯಿಬಿಟ್ಟು "ಭಲೇ" ಎನ್ನಿ. ಮೊದಮೊದಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಆಟದ ದುಃಖ ದಿನಗಟ್ಟಲೆ ಉಳಿದು ಓದು, ಊಟ, ನಿದ್ದೆಗಳನ್ನು ಕೆಡಿಸುತ್ತಿದ್ದರೆ ಅದರ ಹಿಂದೆ ಬೇರೇನೋ ನೋವು ಇರಬಹುದು. ಮನೆಯ ಹಿರಿಯರೊಡನೆಯೋ ಮೆಚ್ಚಿನ ಶಿಕ್ಷಕರೊಡನೆಯೋ ಮನಬಿಚ್ಚಿ ಮಾತನಾಡಿ.

ಕೊನೆಯದಾಗಿ, ಸಾಧ್ಯವಾದಾಗಲೆಲ್ಲ ನೀವೂ ಆಡಿ. ಟೆನಿಸ್ ಅಂಗಳವೇ ಆಗಬೇಕೆಂದಿಲ್ಲ. ಶಾಲೆಯ ಗೋಡೆಗೆ ರಬ್ಬರ್ ಚೆಂಡು ಹೊಡೆದರೂ ಸರಿ, ಹಗ್ಗ ಕಟ್ಟಿ ಶಟಲ್ ಆಡಿದರೂ ಸರಿ. ಕೈತಪ್ಪಿದ ಒಂದು ಹೊಡೆತವನ್ನು ಮರೆತು ಮುಂದಿನದಕ್ಕೆ ಸಿದ್ಧವಾಗುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ. ಅದು ತಿಳಿದವರು ಸೋತ ಆಟಗಾರನನ್ನು ಬಯ್ಯುವುದಿಲ್ಲ.